ಅರ್ಜಿಗೆ ಮುನ್ನ ಒಂದು ನೋಟ್‌ಬುಕ್

ಮುಂಬೈಯ ಕನ್ನಡಿಗರ ಮನೆಗಳಲ್ಲಿ ಗಂಡನ ಹೊಡೆತದ ಮಾತೆದ್ದರೆ ಮೊದಲು ಹಿರಿಯರ ಪಂಚಾಯಿತಿ ಸೇರುತ್ತದೆ. ‘ಇನ್ನು ಕೈಮಾಡುವುದಿಲ್ಲ’ ಎಂದು ಗಂಡನಿಂದ ಛಾಪಾ ಕಾಗದದ ಮೇಲೆ ಬರೆಸಿಕೊಂಡು, ‘ಹೊಂದಿಕೊಂಡು ಹೋಗಮ್ಮ’ ಎಂದು ಹೆಂಡತಿಗೆ ಬುದ್ಧಿ ಹೇಳಿ ಏಳುತ್ತಾರೆ. ಆ ಕಾಗದವನ್ನು ನಂಬಬೇಡಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಕೊಡುವ ರಕ್ಷಣಾ ಆದೇಶವನ್ನು ಮುರಿದರೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಆ ಆದೇಶ ಕೇಳಲು ವಿಚ್ಛೇದನ ಪಡೆಯಬೇಕಿಲ್ಲ. ‘ತಂಗಿಯ ಮದುವೆಯಾಗಲಿ, ಆಮೇಲೆ ನೋಡೋಣ’ ಎನ್ನುವ ತಾಯಂದಿರಿಗೆ ಇದನ್ನು ಮೊದಲೇ ತಿಳಿಸಿ.

1. ಜೀವಕ್ಕೆ ಅಪಾಯವಿದ್ದರೆ 112ಕ್ಕೆ, ಸಲಹೆ ಬೇಕಿದ್ದರೆ 181ಕ್ಕೆ ಕರೆ ಮಾಡಿ.

2. ನಡೆದದ್ದನ್ನು ಬರೆದಿಡಿ. ಹೆಚ್ಚಿನವರು ಎಡವುವುದು ಇಲ್ಲೇ. ಈ ಕಾಯ್ದೆಯಡಿ ಸರ್ಕಾರ ನೇಮಿಸುವ ಸಂರಕ್ಷಣಾ ಅಧಿಕಾರಿ ಮ್ಯಾಜಿಸ್ಟ್ರೇಟರಿಗಾಗಿ ಸಿದ್ಧಪಡಿಸುವ ಕೌಟುಂಬಿಕ ಘಟನಾ ವರದಿಯಲ್ಲಿ ಪ್ರತಿ ಘಟನೆಯ ದಿನಾಂಕ, ಸ್ಥಳ, ಸಮಯ ಮತ್ತು ಹಿಂಸಿಸಿದವರ ಹೆಸರಿಗೆ ಅಂಕಣಗಳಿವೆ. ‘ದಿನಾ ಹೊಡೆಯುತ್ತಾರೆ’ ಎಂದಷ್ಟೇ ಹೇಳಿದವರ ವರದಿಯಲ್ಲಿ ಅವು ಖಾಲಿ ಉಳಿದದ್ದನ್ನು ನಾನು ಕಂಡಿದ್ದೇನೆ. ತಾರೀಖು ಮರೆತಿದ್ದರೆ ಗಣೇಶ ವಿಸರ್ಜನೆಯ ರಾತ್ರಿ, ಮಗನ ಪರೀಕ್ಷೆಯ ಹಿಂದಿನ ದಿನ, ಊರಿನಿಂದ ಅಪ್ಪ ಬಂದುಹೋದ ಮರುದಿನ ಎಂದು ನೆನಪಿಸಿಕೊಂಡು ಕ್ಯಾಲೆಂಡರ್ ನೋಡಿ. ಆಗಲೂ ಸಿಗದಿದ್ದರೆ ‘ಸುಮಾರು’ ಎಂದು ಬರೆಯಿರಿ. ಊಹಿಸಿದ ತಾರೀಖು ಪಾಟೀಸವಾಲಿನಲ್ಲಿ ಬಿದ್ದುಹೋಗುತ್ತದೆ. ಸಂಬಳ ಕಿತ್ತುಕೊಂಡದ್ದು, ರೇಷನ್ನಿಗೆ ಹಣ ಕೊಡದಿದ್ದದ್ದು, ಹೀಯಾಳಿಸಿದ್ದು ಕೂಡ ಈ ಕಾಯ್ದೆಯಲ್ಲಿ ಹಿಂಸೆಯೇ. ತವರಿನಿಂದ ತಂದ ಚಿನ್ನದ ಪಟ್ಟಿಗೆ ಬೇರೆ ಪುಟವಿರಲಿ.

ಮುಂಬೈಯಲ್ಲಿ ಇಪ್ಪತ್ತು ವರ್ಷ ಕಳೆದಿದ್ದರೂ ಕನ್ನಡದಲ್ಲೇ, ಕೈಯಿಂದಲೇ ಬರೆಯಿರಿ. ಫೋನಿನಲ್ಲಿ ಬೇಡ, ಅದರ ಲಾಕ್ ಗಂಡನಿಗೆ ಗೊತ್ತಿರುತ್ತದೆ. ನೋಟ್‌ಬುಕ್ ನಂಬಿಕೆಯ ಗೆಳತಿಯ ಮನೆಯಲ್ಲಿರಲಿ. ವರದಿಯನ್ನು ಮರಾಠಿಯಲ್ಲಿ ಬರೆದುಕೊಂಡರೆ, ಪೂರ್ತಿ ಓದಿಸಿ ಅರ್ಥ ಮಾಡಿಕೊಳ್ಳದೆ ಸಹಿ ಹಾಕಬೇಡಿ. ಕೋರ್ಟಿನ ಹೊರಗೆ ಹೆಸರು ಮಾತ್ರ ಬದಲಿಸಿ ಟೈಪ್ ಮಾಡಿಕೊಡುವ ಸಿದ್ಧ ಅರ್ಜಿಗಳ ಹತ್ತಿರವೂ ಹೋಗಬೇಡಿ: ಎಂದೂ ಸುರಿಯದ ಸೀಮೆಎಣ್ಣೆ ಅವುಗಳಲ್ಲಿ ಸುರಿದಿರುತ್ತದೆ, ನಿಜವಾಗಿ ಮುರಿದ ಬೆರಳಿನ ಸುದ್ದಿ ಇರುವುದಿಲ್ಲ.

3. ಗಾಯವಾಗಿದ್ದರೆ ವೈದ್ಯರಿಗೆ ಹೊಡೆದವರು ಯಾರೆಂದು ಹೇಳಿ. ‘ಬಾತ್‌ರೂಮಿನಲ್ಲಿ ಜಾರಿದೆ’ ಎಂದರೆ ಚೀಟಿಯಲ್ಲೂ ಅದೇ ಉಳಿಯುತ್ತದೆ. ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಇಂಥವರಿಗಾಗಿಯೇ ‘ದಿಲಾಸಾ’ ಕೇಂದ್ರ 2000ದಲ್ಲಿ ಆರಂಭವಾಯಿತು.

4. ಅರ್ಜಿ ಹಾಕಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ, ಆದಾಯ ಎಷ್ಟೇ ಇದ್ದರೂ ಮಹಿಳೆಗೆ ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. ಈಗಾಗಲೇ ತವರು ಸೇರಿದ್ದರೆ ಮುಂಬೈಗೆ ಮರಳಬೇಕೆಂದಿಲ್ಲ. ಈಗಿರುವ ಊರಿನ ಮ್ಯಾಜಿಸ್ಟ್ರೇಟರ ಮುಂದೆಯೇ ಅರ್ಜಿ ಹಾಕಬಹುದು, ಆಗ ಆ ಕನ್ನಡ ನೋಟ್‌ಬುಕ್ಕನ್ನು ಯಾರೂ ಅನುವಾದಿಸಬೇಕಾಗುವುದಿಲ್ಲ.