ಆರು ತಿಂಗಳ ಕೂಸು: ಕೆಲಸ ಬಿಡುವುದಾ, ಶಿಶುಪಾಲನಾ ಕೇಂದ್ರಕ್ಕೆ ಬಿಡುವುದಾ? ತೀರ್ಮಾನಕ್ಕೆ ಮುಂಚೆ ನೋಡಬೇಕಾದ್ದು

ಹೆರಿಗೆ ರಜೆ ಮುಗಿಯೋಕೆ ಎರಡು ವಾರ ಇದೆ ಅನ್ನುವಾಗ ಈ ಮಾತು ಶುರುವಾಗುತ್ತದೆ. ಅಷ್ಟೊತ್ತಿಗೆ ತಡವಾಗಿರುತ್ತದೆ. ಬಸುರಿಯ ಐದನೇ ತಿಂಗಳಲ್ಲೇ ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಿ, ಅತ್ತೆ ಅಥವಾ ಅಮ್ಮ ನೋಡಿಕೊಳ್ಳುತ್ತಾರೆ ಅನ್ನುವುದಾದರೆ ಅವರನ್ನೂ ಕೂರಿಸಿಕೊಂಡು ಬಾಯಿಬಿಟ್ಟು ಕೇಳಿ. ಸುಮ್ನೆ ಅಂದುಕೊಂಡುಬಿಡಬೇಡಿ.

ಮೊದಲು ಸರ್ಕಾರದಿಂದ ಏನು ಸಿಗುತ್ತದೆ ಅಂತ ತಿಳಿದುಕೊಳ್ಳಿ. ನಮ್ಮಲ್ಲಿ ನೆರವು ಎರಡು ಥರ. ಒಂದು, ತಾಯಿ ಮನೆಯಲ್ಲಿರಲಿ ಅಂತ ಕೊಡುವ ದುಡ್ಡು ಮತ್ತು ರಜೆ. ಇನ್ನೊಂದು, ಮಗುವನ್ನು ನೋಡಿಕೊಳ್ಳುವ ಜಾಗ. ಮೊದಲನೆಯದು ಹೆಚ್ಚುಕಮ್ಮಿ ಆರು ತಿಂಗಳಿಗೆ ಮುಗಿಯುತ್ತದೆ. ಎರಡನೆಯದು, ಅಂದರೆ ಅಂಗನವಾಡಿಯಲ್ಲಿ ಮಗುವನ್ನು ಕೂರಿಸಿಕೊಳ್ಳುವುದು, ಮೂರು ವರ್ಷಕ್ಕೆ ಶುರು. ನಡುವಿನ ಎರಡೂವರೆ ವರ್ಷ ಜಾಸ್ತಿ ಮನೆಗಳಿಗೆ ಯಾವುದೂ ಇಲ್ಲ. ಕೆಲಸ ಬಿಡುವ ತಾಯಂದಿರು ಹೆಚ್ಚಾಗಿ ಬಿಡುವುದು ಈ ಎರಡೂವರೆ ವರ್ಷದಲ್ಲೇ.

ರಜೆಯ ವಿಷಯ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಸಂಬಳ ಸಮೇತ 26 ವಾರ, ಮೂರನೆಯದಕ್ಕೆ 12 ವಾರ. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. 26 ವಾರದಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು, ಆದರೆ ಡಾಕ್ಟರು ಬೇಡ ಅನ್ನದಿದ್ದರೆ ಮುಂಚಿನ ರಜೆ ಕಡಿಮೆ ಮಾಡಿ, ಹೆರಿಗೆಯಾದ ಮೇಲೆ ಅಷ್ಟು ವಾರ ಜಾಸ್ತಿ ಉಳಿಯುತ್ತದೆ. ರಾಜ್ಯ ಸರ್ಕಾರಿ ನೌಕರಿಯಲ್ಲಿರುವ ತಾಯಂದಿರಿಗೆ ಇದಲ್ಲದೆ ಆರು ತಿಂಗಳ ಶಿಶುಪಾಲನಾ ರಜೆ ಇದೆ, ಕೇಂದ್ರ ನೌಕರರಿಗೆ 730 ದಿನ.

ಕೂಲಿಗೆ ಹೋಗುವವರಿಗೆ, ಮನೆಕೆಲಸದವರಿಗೆ ಇದ್ಯಾವುದೂ ಇಲ್ಲ. ಅವರಿಗಿರುವುದು ಮಾತೃವಂದನಾ ಯೋಜನೆ: ಮೊದಲ ಮಗುವಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000. 2024–25ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಆ ಲೆಕ್ಕದಲ್ಲಿ 5,000 ಅಂದರೆ ಹದಿನಾಲ್ಕು ದಿನದ ಕೂಲಿ. ಹದಿನಾಲ್ಕು ದಿನಕ್ಕೆ ಯಾವ ಬಾಣಂತಿ ಎದ್ದು ಕೆಲಸಕ್ಕೆ ಹೋಗಬೇಕು ಹೇಳಿ? ಆದರೂ ಬಿಡಬೇಡಿ. ತಾಯಿ ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಿದು ಅಂಗನವಾಡಿ ಕಾರ್ಯಕರ್ತೆಯ ಹತ್ತಿರ ಬಸುರಿಯಲ್ಲೇ ಹೆಸರು ಬರೆಸಿ.

ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಈ ಲೆಕ್ಕಕ್ಕೆ ಸೇರಿಸುವ ಮುಂಚೆ ರೇಷನ್ ಕಾರ್ಡ್ ನೋಡಿ. ಅದು ಮನೆಯ ಯಜಮಾನಿಗೆ ಬರುವ ದುಡ್ಡು, ಕೂಡುಕುಟುಂಬದಲ್ಲಿ ಯಜಮಾನಿ ಅತ್ತೆಯೇ ಆಗಿರುತ್ತಾರಲ್ವಾ. ಅದಕ್ಕೂ ಮಗುವಿಗೂ ಸಂಬಂಧವಿಲ್ಲ.

ಈಗ ಜಾಗದ ವಿಷಯ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಇರಬೇಕು ಅಂತ ಕಾನೂನಿದೆ. 50 ಹೆಂಗಸರು ಅಲ್ಲ, 50 ನೌಕರರು, ಗಂಡಸರೂ ಸೇರಿ. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು. ನಿಮ್ಮ ಆಫೀಸಿನಲ್ಲಿ ಇದೆಯಾ, ಎಲ್ಲಿದೆ, ಫೀ ಯಾರು ಕೊಡುತ್ತಾರೆ ಅಂತ ಎಚ್‌ಆರ್‌ಗೆ ಇಮೇಲಿನಲ್ಲೇ ಕೇಳಿ. ಬಾಯಿಮಾತಲ್ಲಿ ಕೇಳಿದರೆ ಉತ್ತರವೂ ಬಾಯಿಮಾತಲ್ಲೇ ಮುಗಿಯುತ್ತದೆ.

ಹಳ್ಳಿಗಳಲ್ಲಿ 'ಕೂಸಿನ ಮನೆ' ಇದೆ. 2023–24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಅಂತ ಘೋಷಿಸಿದ್ದು, ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ. ನಾನು ಹೇಳಿದ ಆ ಎರಡೂವರೆ ವರ್ಷವನ್ನು ನೇರವಾಗಿ ಮುಟ್ಟುವ ಯೋಜನೆ ಇದು, ಅದಕ್ಕೇ ನನಗೆ ಇದರ ಮೇಲೆ ಅಷ್ಟು ಪ್ರೀತಿ. ನಿಮ್ಮ ಪಂಚಾಯಿತಿಯಲ್ಲಿ ಇದೆಯಾ ಅಂತ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿ. ಇದ್ದರೆ ಹೋಗಿ ನೋಡಿ: ದಿನಾ ಬಾಗಿಲು ತೆಗೆಯುತ್ತದಾ, ಆರೈಕೆದಾರರಿಗೆ ದುಡ್ಡು ಸರಿಯಾಗಿ ಸಿಗುತ್ತಿದೆಯಾ, ನೀವು ಕೆಲಸದಿಂದ ಬರುವ ತನಕ ತೆರೆದಿರುತ್ತದಾ. ಇಲ್ಲದಿದ್ದರೆ ನಾಲ್ಕೈದು ತಾಯಂದಿರು ಒಟ್ಟಾಗಿ ಗ್ರಾಮ ಸಭೆಯಲ್ಲಿ ಎದ್ದು ಕೇಳಿ, ನಡಾವಳಿಯಲ್ಲಿ ಬರೆಸಿ.

ಸರ್ಕಾರ ದುಡ್ಡು ಕೊಡಬೇಕಾ, ಜಾಗ ಕಟ್ಟಬೇಕಾ ಅನ್ನುವ ವಾದದಲ್ಲಿ ನನ್ನ ಮಾತು ಇಷ್ಟು. ಮನೆಯಲ್ಲಿದ್ದು ಮಗು ಸಾಕುವುದೂ ದೊಡ್ಡ ಕೆಲಸವೇ, ಮೊದಲ ಆರು ತಿಂಗಳಾದರೂ ಪ್ರತಿ ತಾಯಿಗೂ ಕೂಲಿಯಷ್ಟು ದುಡ್ಡು ಸಿಗಬೇಕು. ಅದಾದ ಮೇಲೆ ಜಾಗ ಬೇಕು. ಜಾಗವೇ ಇಲ್ಲದ ಊರಿನಲ್ಲಿ ತಿಂಗಳಿಗೆ ಎರಡು ಸಾವಿರ ಕೈಗಿಟ್ಟರೆ ತಾಯಿಗೆ ಆಯ್ಕೆ ಸಿಕ್ಕ ಹಾಗಾಗುವುದಿಲ್ಲ.

ಇನ್ನು ಮನೆ ಲೆಕ್ಕ. ತಾಯಿಯ ಸಂಬಳ 22,000, ಮಗುವನ್ನು ನೋಡಿಕೊಳ್ಳುವ ಫೀ 9,000, ಓಡಾಟಕ್ಕೆ 3,000 ಅಂದುಕೊಳ್ಳಿ. 'ಉಳಿಯೋದು ಹತ್ತು ಸಾವಿರ, ಅದಕ್ಯಾಕೆ ಇಷ್ಟು ಒದ್ದಾಟ' ಅನ್ನುತ್ತಾರೆ. ಮಗು ಇಬ್ಬರದೂ ಅಲ್ವಾ, ಫೀ ತಾಯಿಯ ಸಂಬಳದಿಂದ ಮಾತ್ರ ಯಾಕೆ ಕಳೆಯಬೇಕು? ಇಬ್ಬರ ಸಂಬಳ ಕೂಡಿಸಿ ಕಳೆಯಿರಿ. ಪಿಎಫ್‌ಗೆ ಕಂಪನಿ ಹಾಕುವ ಪಾಲನ್ನೂ ಸೇರಿಸಿ. ಇಎಸ್‌ಐ ಇದ್ದರೆ, ಕೆಲಸ ಬಿಟ್ಟರೆ ಆ ಚಿಕಿತ್ಸೆಯ ಸೌಲಭ್ಯ ಹೋಗುತ್ತದೆ ಅನ್ನುವುದನ್ನೂ ಬರೆದುಕೊಳ್ಳಿ. ಕೆಲಸಕ್ಕೆ ಸೇರಿ ನಾಲ್ಕು ವರ್ಷ ದಾಟಿದ್ದರೆ ಐದು ಪೂರ್ತಿಯಾಗುವ ತನಕ ತಡೆಯಿರಿ, ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು, ಸಿಗುತ್ತದೆ. ಹೆರಿಗೆ ರಜೆಯೂ ಅದರಲ್ಲಿ ಸೇರುತ್ತದೆ.

ಇಷ್ಟಾದ ಮೇಲೂ ಮನೆಯಲ್ಲಿರುವುದೇ ಸರಿ ಅನ್ನಿಸಿದರೆ ನೆಮ್ಮದಿಯಾಗಿ ಇರಿ, ಆದರೆ ಬರಿಗೈಯಲ್ಲಿ ಇರಬೇಡಿ. ಗಂಡನ ಸಂಬಳದಿಂದ ತಿಂಗಳಿಗಿಷ್ಟು ಅಂತ ನಿಮ್ಮ ಹೆಸರಿನ ಖಾತೆಗೆ ಬರಲಿ. ಪಿಎಫ್ ದುಡ್ಡು ತೆಗೆಯಬೇಡಿ, ಐದು ವರ್ಷದೊಳಗೆ ತೆಗೆದರೆ ತೆರಿಗೆಯೂ ಬೀಳುತ್ತದೆ. ಯಾವಾಗ ಮತ್ತೆ ಕೆಲಸ ಹುಡುಕುವುದು ಅಂತ ಇಬ್ಬರೂ ಒಪ್ಪಿ ಒಂದು ತಿಂಗಳು ಗೊತ್ತುಮಾಡಿ.

ಶಿಶುಪಾಲನಾ ಕೇಂದ್ರಕ್ಕೇ ಬಿಡುವುದಾದರೆ, ರಜೆ ಮುಗಿಯುವ ಎರಡು ವಾರ ಮುಂಚಿನಿಂದಲೇ ರೂಢಿ ಮಾಡಿಸಿ. ಮೊದಲು ನೀವೂ ಜೊತೆಗೆ ಕೂತು ಒಂದು ಗಂಟೆ, ಆಮೇಲೆ ನೀವಿಲ್ಲದೆ ಎರಡು ಗಂಟೆ, ಆಮೇಲೆ ಅರ್ಧ ದಿನ. ಹೇಳದೆ ಕೇಳದೆ ಮಧ್ಯಾಹ್ನದ ಹೊತ್ತಿಗೆ ಒಂದು ದಿನ ಹೋಗಿ ನೋಡಿ. ಒಳಗೆ ಬಿಡುವುದಿಲ್ಲ ಅಂದರೆ ಬೇರೆ ಜಾಗ ಹುಡುಕಿ.