ಗಾಳಿ ಸಸ್ಪೆನ್ಷನ್ ತೆಗೆದು ಕಾಯಿಲ್ ಸ್ಪ್ರಿಂಗ್ ಹಾಕುವುದು ಹೇಗೆ?

ರಾತ್ರಿ ನಿಲ್ಲಿಸಿದಾಗ ಕಾರು ನೆಟ್ಟಗಿತ್ತು. ಬೆಳಗ್ಗೆ ನೋಡಿದರೆ ಒಂದು ಮೂಲೆ ಕುಸಿದು ಕೂತಿದೆ. ಸ್ಟಾರ್ಟ್ ಮಾಡಿದಾಗ ಗಾಳಿ ತುಂಬುವ ಕಂಪ್ರೆಸರ್ ಗುರ್ರ್ ಎನ್ನುತ್ತದೆ, ಕಾರು ನಿಧಾನಕ್ಕೆ ಏಳುತ್ತದೆ. ಕೆಲವು ತಿಂಗಳು ಹೀಗೇ ಓಡುತ್ತದೆ. ಆಮೇಲೆ ಒಂದು ದಿನ ಏಳುವುದೇ ಇಲ್ಲ.

ಗಾಳಿ ಸಸ್ಪೆನ್ಷನ್ ಎಂದರೆ ಲೋಹದ ಕಾಯಿಲ್ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲ ಕಾರಿನ ಭಾರ ಹೊರುವ ವ್ಯವಸ್ಥೆ. ಅದು ಸೋರುವುದು ಇವತ್ತಿನ ತೊಂದರೆಯಲ್ಲ. 1957ರಲ್ಲಿ ಬಂದ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೂಮ್ ಕಾರಿಗೆ ನಾಲ್ಕೂ ಚಕ್ರಕ್ಕೆ ಗಾಳಿ ಸಸ್ಪೆನ್ಷನ್ ಇತ್ತು. ಸೋರಿಕೆಯ ಕಾಟಕ್ಕೆ ಬೇಸತ್ತ ಎಷ್ಟೋ ಮಾಲೀಕರು ಅದನ್ನು ಕಿತ್ತು ಕಾಯಿಲ್ ಸ್ಪ್ರಿಂಗ್ ಹಾಕಿಸಿಕೊಂಡರು. 1984ರ ಲಿಂಕನ್ ಮಾರ್ಕ್ 7, ಆಮೇಲೆ ರೇಂಜ್ ರೋವರ್, ಮರ್ಸಿಡಿಸ್ ಎಸ್ ಕ್ಲಾಸ್, ಆಡಿ ಆಲ್‌ರೋಡ್ ಬಂದವು. ಇವುಗಳ ಹಳೆಯ ಮಾಡೆಲ್‌ಗಳನ್ನು ಇಟ್ಟುಕೊಂಡವರು ಇವತ್ತಿಗೂ ಅದೇ ದಾರಿ ಹುಡುಕುತ್ತಾರೆ. ಕೆಲಸ ಕಷ್ಟದ್ದೇನಲ್ಲ. ಆದರೆ ಅರ್ಧಕ್ಕೆ ಬಿಟ್ಟರೆ ಮೊದಲಿಗಿಂತ ಕೆಟ್ಟ ಕಾರು ಕೈಗೆ ಸಿಗುತ್ತದೆ.

ಮೊದಲು ಸೋರಿಕೆ ಹುಡುಕಿ

ಕಂಪ್ರೆಸರ್ ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ ತಕ್ಷಣ ನಂಬಬೇಡಿ. ಹೆಚ್ಚಿನ ಸಲ ಕಂಪ್ರೆಸರ್ ಸಾಯುವುದು ದುಡಿದು ದುಡಿದು. ಎಲ್ಲೋ ಗಾಳಿ ಸೋರುತ್ತಿರುತ್ತದೆ, ಅದನ್ನು ತುಂಬಲು ಇದು ಬಿಡುವಿಲ್ಲದೆ ಓಡುತ್ತದೆ, ಕೊನೆಗೆ ಸುಟ್ಟುಹೋಗುತ್ತದೆ. ನಾನು ನೋಡಿದ ಒಂದು ಕಾರಿಗೆ ಎರಡು ಸಲ ಹೊಸ ಕಂಪ್ರೆಸರ್ ಹಾಕಿದ್ದರು. ಸೋರುತ್ತಿದ್ದ ಗಾಳಿಚೀಲ ಮಾತ್ರ ಹಳೆಯದೇ ಇತ್ತು.

ಸೋಪಿನ ನೀರು ಮಾಡಿಕೊಂಡು ಗಾಳಿಚೀಲದ ಮೇಲೆ ಚಿಮುಕಿಸಿ. ರಬ್ಬರ್ ಮಡಿಕೆ ಬೀಳುವ ಜಾಗದಲ್ಲಿ ಜಾಸ್ತಿ ಗಮನ ಕೊಡಿ. ಸಣ್ಣ ಬಿರುಕು ಮೊದಲು ಕಾಣಿಸುವುದು ಅಲ್ಲೇ. ಪೈಪು ಜೋಡಿಸುವ ಜಾಗಗಳಿಗೂ, ಚೀಲಗಳಿಗೆ ಗಾಳಿ ಹಂಚುವ ವಾಲ್ವ್ ಬ್ಲಾಕ್‌ಗೂ ಹಚ್ಚಿ. ನೊರೆ ಉಕ್ಕಿದ ಕಡೆ ಸೋರಿಕೆ ಇದೆ. ಒಂದೇ ಮೂಲೆ ಕುಸಿಯುತ್ತಿದ್ದರೆ ಆ ಮೂಲೆಯ ಚೀಲವನ್ನೋ ಪೈಪನ್ನೋ ಮೊದಲು ನೋಡಿ. ನಾಲ್ಕೂ ಮೂಲೆ ಒಟ್ಟಿಗೆ ಇಳಿಯುತ್ತಿದ್ದರೆ ವಾಲ್ವ್ ಬ್ಲಾಕ್ ಮೇಲೆ ಅನುಮಾನ ಪಡಬೇಕು.

ಬರೀ ಒಂದು ಪೈಪಿನ ತುದಿ ಸವೆದಿದ್ದರೆ ಅದನ್ನು ಸರಿಮಾಡಿ ಸುಮ್ನೆ ಇದ್ದುಬಿಡಿ. ಚೀಲಗಳೆಲ್ಲ ಒಣಗಿ ಬಿರಿದಿವೆ, ಕಂಪ್ರೆಸರೂ ಹೋಗಿದೆ, ವಾಲ್ವ್‌ಗಳಲ್ಲಿ ತೇವ ಸೇರಿದೆ ಎಂದಾದರೆ ಮಾತ್ರ ಬದಲಾವಣೆಗೆ ಅರ್ಥವಿದೆ.

ಏನು ಕಳೆದುಕೊಳ್ಳುತ್ತೀರಿ?

ಇದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ಗಾಳಿ ಸ್ಪ್ರಿಂಗ್ ನಿಜಕ್ಕೂ ಒಳ್ಳೆಯ ವಸ್ತು. ಭಾರ ಹೆಚ್ಚಾದಾಗ ಚೀಲದೊಳಗಿನ ಒತ್ತಡ ಏರುತ್ತದೆ, ಸ್ಪ್ರಿಂಗ್ ತಾನಾಗಿ ಗಟ್ಟಿಯಾಗುತ್ತದೆ. ಒಬ್ಬರೇ ಕೂತರೂ ಐದು ಜನ ಕೂತರೂ ಕಾರಿನ ಎತ್ತರ ಅಷ್ಟೇ ಇರುತ್ತದೆ, ತೂಗಾಟವೂ ಹೆಚ್ಚುಕಡಿಮೆ ಒಂದೇ. ಸಾಮಾನ್ಯ ಕಾಯಿಲ್ ಸ್ಪ್ರಿಂಗಿನ ಗಡಸುತನ ಬದಲಾಗುವುದಿಲ್ಲ. ಡಿಕ್ಕಿ ತುಂಬಿದರೆ ಹಿಂಭಾಗ ಇಳಿಯುತ್ತದೆ. ಎತ್ತರ ಏರಿಸುವ ಇಳಿಸುವ ಬಟನ್ ಕೆಲಸ ಮಾಡುವುದಿಲ್ಲ. ಟ್ರೇಲರ್ ಎಳೆಯುವವರು, ಕಲ್ಲು ದಾರಿಗೆ ಕಾರು ಎತ್ತರಿಸಿಕೊಂಡು ಹೋಗುವವರು ಎರಡು ಸಲ ಯೋಚಿಸಲಿ. ದಿನಾ ಡಾಂಬರು ರಸ್ತೆಯಲ್ಲೇ ಓಡಾಡುವವರಿಗೆ ಈ ಕೊರತೆ ಅಷ್ಟಾಗಿ ಕಾಡದು.

ಕಿಟ್ ಆಯ್ಕೆ

ನಿಮ್ಮ ಕಾರಿನ ಮಾಡೆಲ್, ವರ್ಷ, ಎಂಜಿನ್ ಮೂರಕ್ಕೂ ಹೊಂದುವ ಕಿಟ್ಟೇ ಬೇಕು. ಎಂಜಿನ್ ಯಾಕೆ ಅಂತೀರಾ? ಆರು ಸಿಲಿಂಡರ್ ಎಂಜಿನ್ನಿಗೂ ಎಂಟು ಸಿಲಿಂಡರ್ ಎಂಜಿನ್ನಿಗೂ ತೂಕ ಬೇರೆ. ಮುಂದಿನ ಸ್ಪ್ರಿಂಗ್ ಆ ತೂಕ ನೋಡಿಕೊಂಡೇ ಮಾಡಿರಬೇಕು. ತಪ್ಪು ಸ್ಪ್ರಿಂಗ್ ಹಾಕಿದರೆ ಕಾರು ಮೂಗು ಎತ್ತಿಕೊಂಡು ನಿಲ್ಲುತ್ತದೆ, ಇಲ್ಲವೇ ತಗ್ಗಿಸಿಕೊಂಡು.

ಸ್ಪ್ರಿಂಗ್, ಶಾಕ್ (ಕುಲುಕಾಟ ತಡೆಯುವ ಕೊಳವೆ), ಮೇಲಿನ ಮೌಂಟ್ ಮೂರೂ ಜೋಡಿಸಿಯೇ ಬರುವ ಸ್ಟ್ರಟ್ ತೆಗೆದುಕೊಳ್ಳಿ. ಬಿಡಿಬಿಡಿಯಾಗಿ ಬಂದರೆ ಸ್ಪ್ರಿಂಗನ್ನು ಅದುಮಿ ಶಾಕ್ ಮೇಲೆ ಕೂರಿಸಬೇಕಾಗುತ್ತದೆ. ಅದುಮಿದ ಸ್ಪ್ರಿಂಗ್ ಜಾರಿದರೆ ಕೈ ಮುರಿಯುವುದಷ್ಟೇ ಅಲ್ಲ, ಜೀವಕ್ಕೇ ಅಪಾಯ. ಆ ಕೆಲಸ ಸರಿಯಾದ ಯಂತ್ರ ಇರುವ ಗ್ಯಾರೇಜಿಗೆ ಬಿಡಿ. ಕಾರಿಗೆ ಎಲೆಕ್ಟ್ರಾನಿಕ್ ಶಾಕ್ ಇದ್ದರೆ ಕಿಟ್ ಜೊತೆ ಎಚ್ಚರಿಕೆ ದೀಪ ಆರಿಸುವ ಮಾಡ್ಯೂಲ್ ಇದೆಯೇ ಎಂದು ಕೇಳಿ. ಹಿಂದೆ ಮಾತ್ರ ಗಾಳಿ ಸ್ಪ್ರಿಂಗ್ ಇರುವ ಕಾರಾದರೆ ಹಿಂದಿನದನ್ನು ಬದಲಿಸಿದರೆ ಸಾಕು. ನಾಲ್ಕೂ ಕಡೆ ಇದ್ದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಮುಂದೆ ಕಾಯಿಲ್, ಹಿಂದೆ ಗಾಳಿ ಎಂದು ಇಟ್ಟರೆ ಕಂಪ್ಯೂಟರ್ ಗೊಂದಲಕ್ಕೆ ಬೀಳುತ್ತದೆ.

ಗಾಳಿ ಇಳಿಸುವುದು

ಕೆಲಸ ಶುರುಮಾಡುವ ಮೊದಲು ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗಿನ ಅಳತೆಯನ್ನು ನಾಲ್ಕೂ ಕಡೆ ಬರೆದಿಟ್ಟುಕೊಳ್ಳಿ. ಕಾರು ಕುಸಿದಿದ್ದರೆ ಸರ್ವೀಸ್ ಮ್ಯಾನುಯಲ್‌ನಲ್ಲಿರುವ ಅಳತೆ ಹಿಡಿಯಿರಿ. ಕೊನೆಯಲ್ಲಿ ಇದೇ ಬೇಕಾಗುವುದು.

ಕಾರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಜ್ಯಾಕ್ ಹಾಕುವ ಮೊದಲೇ ಸಿಸ್ಟಮ್ ಆಫ್ ಮಾಡಬೇಕು. ಲಿಂಕನ್ ಕಾರುಗಳಲ್ಲಿ ಇದಕ್ಕೆ ಡಿಕ್ಕಿಯೊಳಗೆ ಸ್ವಿಚ್ ಇದೆ. ಆಡಿಯಂಥ ಕಾರುಗಳಲ್ಲಿ ಮೆನುವಿನಲ್ಲಿ ಜ್ಯಾಕ್ ಮೋಡ್ ಇರುತ್ತದೆ. ಇದನ್ನು ಮರೆತರೆ ನೀವು ಕಾರನ್ನು ಎತ್ತಿದಾಗ ಕಂಪ್ಯೂಟರ್ ಎತ್ತರ ಜಾಸ್ತಿಯಾಯಿತು ಎಂದುಕೊಂಡು ಗಾಳಿ ಬಿಡಲು ಶುರುಮಾಡುತ್ತದೆ. ಆಮೇಲೆ ಕಂಪ್ರೆಸರಿನ ಫ್ಯೂಸ್ ತೆಗೆಯಿರಿ. ಕಾರನ್ನು ಎತ್ತಿ ಜ್ಯಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜ್ಯಾಕ್ ನಂಬಿ ಯಾವತ್ತೂ ಕೆಳಗೆ ಹೋಗಬೇಡಿ. ಗಾಳಿ ಸಸ್ಪೆನ್ಷನ್ ಕಾರಿನ ವಿಷಯದಲ್ಲಂತೂ ಇದು ಇನ್ನೂ ಮುಖ್ಯ, ಯಾಕಂದರೆ ಅದು ಯಾವ ಕ್ಷಣದಲ್ಲಾದರೂ ಇಳಿಯಬಹುದು.

ಟಯರಿನಲ್ಲಿ ಸುಮಾರು 2ರಿಂದ 2.5 ಬಾರ್ ಒತ್ತಡ ಇರುತ್ತದೆ ಅಲ್ವಾ? ಗಾಳಿಚೀಲದಲ್ಲಿ ಅದರ ಎರಡು ಮೂರು ಪಟ್ಟು ಇರಬಹುದು. ಹಾಗಾಗಿ ಗಾಳಿ ಪೂರ್ತಿ ಇಳಿಯದೆ ಚೀಲದ ಯಾವ ಬೋಲ್ಟನ್ನೂ ಮುಟ್ಟಬೇಡಿ. ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಇದ್ದರೆ ಅದರಿಂದಲೇ ಇಳಿಸಿ. ಇಲ್ಲದಿದ್ದರೆ ಪೈಪಿನ ನಟ್ಟನ್ನು ಕಾಲು ಸುತ್ತು ಸಡಿಲಿಸಿ, ಸುಸ್ಸ್ ಎನ್ನುವುದು ನಿಲ್ಲುವವರೆಗೂ ಕಾಯಿರಿ. ಕಣ್ಣಿಗೆ ಕನ್ನಡಕ ಇರಲಿ. ಲಿಂಕನ್ ಟೌನ್ ಕಾರಿನಂಥವುಗಳಲ್ಲಿ ಚೀಲಕ್ಕೆ ಸಿಕ್ಕಿಸಿದ ವಿದ್ಯುತ್ ವಾಲ್ವನ್ನು (ಸೊಲೆನಾಯ್ಡ್) ಮೊದಲ ತಡೆಯವರೆಗೆ ತಿರುಗಿಸಿದರೆ ಗಾಳಿ ಹೋಗುತ್ತದೆ. ಪೂರ್ತಿ ಖಾಲಿಯಾದ ಮೇಲೆ ಎರಡನೇ ತಡೆಯವರೆಗೆ ತಿರುಗಿಸಿ ಎಳೆಯಬೇಕು. ಅವಸರಪಟ್ಟು ಒಂದೇ ಸಲ ತಿರುಗಿಸಿದರೆ ಅದು ಗುಂಡಿನ ಹಾಗೆ ಹಾರಿ ಬರುತ್ತದೆ.

ಮುಂದಿನ ಚಕ್ರಗಳು

ಚಕ್ರ ಬಿಚ್ಚಿ. ಬ್ರೇಕ್ ಪೈಪ್ ಮತ್ತು ಎಬಿಎಸ್ ವೈರ್ ಹಿಡಿದಿರುವ ಕ್ಲಿಪ್, ಎತ್ತರದ ಸೆನ್ಸರಿನ ಕಡ್ಡಿ, ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಆಂಟಿರೋಲ್ ಬಾರಿನ ಲಿಂಕ್ ಇವನ್ನು ಬಿಡಿಸಿ. ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟರೆ ಅರ್ಧ ದಿನದ ಕಷ್ಟ ತಪ್ಪುತ್ತದೆ.

ಚಕ್ರವನ್ನು ಕಾರಿಗೆ ಹಿಡಿದಿಡುವ ಮೇಲಿನ ಆರ್ಮ್ ಬಿಚ್ಚಿದ ಕೂಡಲೇ ನಕಲ್ (ಚಕ್ರ ಕೂರುವ ಲೋಹದ ತುಂಡು) ಹೊರಕ್ಕೆ ವಾಲುತ್ತದೆ. ಅದನ್ನು ಗಟ್ಟಿ ತಂತಿಯಿಂದ ಕಟ್ಟಿಡಿ. ವಾಲಲು ಬಿಟ್ಟರೆ ಬ್ರೇಕ್ ಪೈಪ್ ಜಗ್ಗುತ್ತದೆ, ಕೆಲವು ಕಾರುಗಳಲ್ಲಿ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್ ಕಳಚಿಕೊಳ್ಳುತ್ತದೆ. ಈಗ ಕೆಳಗಿನ ಬೋಲ್ಟ್, ಆಮೇಲೆ ಮೇಲಿನ ಮೂರೋ ನಾಲ್ಕೋ ನಟ್ಟು ತೆಗೆದು ಹಳೆಯ ಸ್ಟ್ರಟ್ ಇಳಿಸಿ. ಹೊಸ ಸ್ಟ್ರಟ್ ಕೂರಿಸಿ ಎಲ್ಲ ನಟ್ಟುಗಳನ್ನೂ ಕೈಯಿಂದಲೇ ಹಿಡಿಸಿ.

ಕೀಲಿನೊಳಗಿನ ರಬ್ಬರ್ ಬುಷ್ ಮೂಲಕ ಹೋಗುವ ಬೋಲ್ಟುಗಳನ್ನು ಚಕ್ರ ನೇತಾಡುವಾಗ ಪೂರ್ತಿ ಬಿಗಿಯಬಾರದು. ಬಿಗಿದರೆ ಕಾರು ಕೆಳಗಿಳಿದಾಗ ಬುಷ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ, ಎತ್ತರವೂ ತಪ್ಪಾಗುತ್ತದೆ. ಕಾರಿನ ಭಾರ ಚಕ್ರದ ಮೇಲೆ ಬಂದ ಮೇಲೆ, ಮ್ಯಾನುಯಲ್ ಹೇಳಿದ ಅಳತೆಗೆ ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಇದೊಂದನ್ನು ಎಷ್ಟು ಸಲ ಹೇಳಿದರೂ ಸಾಲದು. ಹೊಸ ಸ್ಪ್ರಿಂಗ್ ಹಾಕಿಯೂ ಕಿರ್ ಕಿರ್ ಸದ್ದು ಬರುವ ಕಾರುಗಳಲ್ಲಿ ಈ ತಪ್ಪು ಆಗಾಗ ಸಿಗುತ್ತದೆ.

ಹಿಂದಿನ ಚಕ್ರಗಳು

ಹಿಂದೆ ಎಷ್ಟೋ ಕಾರುಗಳಲ್ಲಿ ಶಾಕ್ ಬೇರೆ, ಗಾಳಿಚೀಲ ಬೇರೆ ಇರುತ್ತದೆ. ಅಲ್ಲಿ ಕೆಲಸ ಸುಲಭ. ಕೆಳಗಿನ ಆರ್ಮಿಗೆ ಜ್ಯಾಕ್ ಆಸರೆ ಕೊಟ್ಟು, ಶಾಕ್ ಬಿಡಿಸಿ, ಆರ್ಮನ್ನು ನಿಧಾನಕ್ಕೆ ಇಳಿಸಿ. ಚೀಲ ತೆಗೆದ ಜಾಗಕ್ಕೆ ಮೇಲೂ ಕೆಳಗೂ ಕಿಟ್ಟಿನ ರಬ್ಬರ್ ಕಪ್ ಇಟ್ಟು ಸ್ಪ್ರಿಂಗ್ ಕೂರಿಸಿ. ಸ್ಪ್ರಿಂಗಿನ ತುದಿ ಕಪ್ಪಿನಲ್ಲಿರುವ ಮೆಟ್ಟಿಲಿಗೆ ತಾಗಿ ನಿಂತಿರಬೇಕು. ಆರ್ಮ್ ಏರಿಸುವಾಗ ಒಂದು ಕಣ್ಣು ಅಲ್ಲೇ ಇರಲಿ.

ವೈರಿಂಗ್ ಮತ್ತು ಎಚ್ಚರಿಕೆ ದೀಪ

ಖಾಲಿ ಬಿದ್ದ ಗಾಳಿ ಪೈಪುಗಳ ಬಾಯಿ ಮುಚ್ಚಿ, ಚಕ್ರಕ್ಕೆ ತಾಗದಂತೆ ಕಟ್ಟಿ. ಕಂಪ್ರೆಸರ್ ಪ್ಲಗ್ ತೆಗೆದು ನೀರು ಸೇರದಂತೆ ಸುತ್ತಿಡಿ. ಡ್ಯಾಶ್‌ಬೋರ್ಡಿನ ದೀಪಕ್ಕೆ ಕಿಟ್ಟಿನ ಮಾಡ್ಯೂಲ್ ಹಾಕಬೇಕು, ಇಲ್ಲವೇ ಸ್ಕ್ಯಾನರಿನಿಂದ ಗಾಳಿ ಸಸ್ಪೆನ್ಷನ್ ಇಲ್ಲ ಎಂದು ಕೋಡ್ ಮಾಡಿಸಬೇಕು. ದೀಪದ ಮೇಲೆ ಕಪ್ಪು ಟೇಪ್ ಅಂಟಿಸುವುದು ಪರಿಹಾರವಲ್ಲ. ನಾಳೆ ನಿಜವಾದ ದೋಷ ಬಂದರೂ ನಿಮಗೆ ಗೊತ್ತಾಗುವುದಿಲ್ಲ.

ಎತ್ತರದ ಸೆನ್ಸರುಗಳನ್ನು ಮಾತ್ರ ಕಿತ್ತು ಎಸೆಯಬೇಡಿ. ಹಲವು ಕಾರುಗಳಲ್ಲಿ ಹೆಡ್‌ಲೈಟ್ ತಾನಾಗಿ ಮೇಲೆ ಕೆಳಗೆ ಆಗುವುದು ಅದೇ ಸೆನ್ಸರಿನ ಮಾತು ಕೇಳಿ. ಅವನ್ನು ಮೊದಲಿದ್ದ ಜಾಗದಲ್ಲೇ ಮತ್ತೆ ಜೋಡಿಸಿ.

ಕೊನೆಯ ಕೆಲಸ

ಕಾರು ಇಳಿಸಿ, ಸಡಿಲ ಬಿಟ್ಟಿದ್ದ ಬೋಲ್ಟುಗಳನ್ನು ಬಿಗಿದು, ಸ್ವಲ್ಪ ದೂರ ಓಡಿಸಿ, ಬರೆದಿಟ್ಟ ಅಳತೆಯೊಂದಿಗೆ ಹೋಲಿಸಿ. ಎಡಕ್ಕೂ ಬಲಕ್ಕೂ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಇದ್ದರೆ ಸ್ಪ್ರಿಂಗ್ ತನ್ನ ಜಾಗದಲ್ಲಿ ಕೂತಿಲ್ಲ ಎಂದು ತಿಳಿಯಿರಿ, ಮತ್ತೆ ಬಿಚ್ಚಿ ನೋಡಿ. ಹೊಸ ಸ್ಪ್ರಿಂಗ್ ಮೊದಲ ಕೆಲವು ನೂರು ಕಿಲೋಮೀಟರ್‌ನಲ್ಲಿ ತುಸು ಕೂರುತ್ತದೆ. ಅದು ಸಹಜ. ವೀಲ್ ಅಲೈನ್‌ಮೆಂಟ್ ಮಾತ್ರ ಕೂಡಲೇ ಮಾಡಿಸಿ. ಎತ್ತರ ಬದಲಾದರೆ ಚಕ್ರದ ಕೋನವೂ ಬದಲಾಗುತ್ತದೆ, ಟಯರ್ ಒಂದು ಬದಿಗೆ ಸವೆಯುತ್ತದೆ. ಹೆಡ್‌ಲೈಟ್ ಬೆಳಕು ಎಲ್ಲಿ ಬೀಳುತ್ತಿದೆ ಎಂದೂ ಅಲ್ಲೇ ನೋಡಿಸಿಬಿಡಿ. ವಿಮೆ ಕಂಪನಿಗೆ ಈ ಬದಲಾವಣೆ ತಿಳಿಸಿ, ನೋಂದಣಿಯ ನಿಯಮಕ್ಕೆ ಒಪ್ಪುತ್ತದೆಯೇ ಎಂದು ಕೆಲಸಕ್ಕೆ ಮೊದಲೇ ಕೇಳಿಕೊಂಡಿರಿ. ಕೆಲವು ನೂರು ಕಿಲೋಮೀಟರ್ ಆದ ಮೇಲೆ ಎಲ್ಲ ಬೋಲ್ಟುಗಳಿಗೂ ಇನ್ನೊಮ್ಮೆ ಟಾರ್ಕ್ ರೆಂಚ್ ಹಾಕಿ ನೋಡಿ.