ಕಿಡ್ನಿ ಸವೆತ ನಿಧಾನ ಮಾಡಬಹುದು, ಉಪ್ಪಿನ ಪ್ಯಾಕೆಟ್ಟಿನಿಂದ ಶುರು ಮಾಡಿ

‘ಕ್ರಿಯಾಟಿನಿನ್ 1.4 ಬಂದಿದೆ. ಇನ್ನು ಡಯಾಲಿಸಿಸ್ಸೇ ಗತಿಯಾ?’ ಮದ್ದೂರು ಹತ್ತಿರದ ಊರಿನಲ್ಲಿರುವ ನಮ್ಮ ಚಿಕ್ಕಪ್ಪ ರಿಪೋರ್ಟ್ ಹಿಡಿದು ಜಗಲಿ ಮೇಲೆ ಕೂತಿದ್ದರು. ವಯಸ್ಸು 62. ಬಿಪಿ, ಶುಗರ್ ಎರಡೂ ಇದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಶುರುವಿನಲ್ಲೇ ಗೊತ್ತಾದರೆ ಈ ಕಾಯಿಲೆಯ ಓಟಕ್ಕೆ ಕಡಿವಾಣ ಹಾಕಬಹುದು.

ಮೊದಲು ರಿಪೋರ್ಟ್ ಸರಿಯಾಗಿ ಓದಿ

ಕ್ರಿಯಾಟಿನಿನ್ ಅಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕಬೇಕಾದ ಕಸ. ಅದೊಂದನ್ನೇ ನೋಡಿದರೆ ಸಾಲದು. ಅದರಿಂದ ಲೆಕ್ಕ ಹಾಕುವ ಇಜಿಎಫ್‌ಆರ್, ಅಂದರೆ ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂಬ ಅಂದಾಜು, ನೋಡಬೇಕು. ಚಿಕ್ಕಪ್ಪನಿಗೆ 1.4 ಅಂದರೆ ಇಜಿಎಫ್‌ಆರ್ ಸುಮಾರು 57. ಅದೇ 1.4 ಅವರ ವಯಸ್ಸಿನ ಹೆಂಗಸಿಗೆ ಬಂದರೆ 42ರ ಆಸುಪಾಸಿಗೆ ಇಳಿಯುತ್ತದೆ. 60ಕ್ಕಿಂತ ಕಡಿಮೆ ಬಂದು, 3 ತಿಂಗಳಾದರೂ ಹಾಗೇ ಇದ್ದರೆ ದೀರ್ಘಕಾಲದ ಕಾಯಿಲೆ ಎನ್ನುತ್ತಾರೆ. ಒಂದೇ ರಿಪೋರ್ಟಿಗೆ ಎದೆ ಒಡೆದುಕೊಳ್ಳಬೇಡಿ.

ಇನ್ನೊಂದು ಪರೀಕ್ಷೆಯನ್ನು ನೀವೇ ಕೇಳಿ ಮಾಡಿಸಿಕೊಳ್ಳಿ: ಮೂತ್ರದ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತ. ಅದು 30 ದಾಟಿದ್ದರೆ ಅಲ್ಬುಮಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಸೋರುತ್ತಿದೆ ಎಂದರ್ಥ. ರಕ್ತದ ರಿಪೋರ್ಟ್ ಚೆನ್ನಾಗಿದ್ದಾಗಲೂ ಸೋರಿಕೆ ಶುರುವಾಗಿರಬಹುದು. ಶುಗರ್ ಇರುವವರಂತೂ ವರ್ಷಕ್ಕೊಮ್ಮೆ ಮಾಡಿಸಲೇಬೇಕು.

ಬಿಪಿ 130/80ರ ಒಳಗೆ

ಮನೆಯಲ್ಲೇ ಅಳೆಯಿರಿ. ಕಾಫಿ ಕುಡಿದು ಅರ್ಧ ಗಂಟೆಯಾಗಿರಲಿ, 5 ನಿಮಿಷ ಸುಮ್ನೆ ಕೂತಿರಿ, ಬಂದ ನಂಬರನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. ಟೆಲ್ಮಿಸಾರ್ಟನ್, ರಾಮಿಪ್ರಿಲ್ ತರಹದ ಮಾತ್ರೆಗಳು ಬಿಪಿ ಇಳಿಸುವುದರ ಜೊತೆಗೆ ಪ್ರೋಟೀನ್ ಸೋರಿಕೆಯನ್ನೂ ಕಡಿಮೆ ಮಾಡುತ್ತವೆ. ಹಾಗಾಗಿ ‘ಬಿಪಿ ನಾರ್ಮಲ್ ಆಯ್ತು’ ಅಂತ ನೀವೇ ನಿಲ್ಲಿಸಬೇಡಿ. ಶುರು ಮಾಡಿದ 2ರಿಂದ 4 ವಾರದಲ್ಲಿ ಪೊಟ್ಯಾಶಿಯಂ, ಕ್ರಿಯಾಟಿನಿನ್ ಮತ್ತೆ ನೋಡಿಸಿ. ಆಗ ಕ್ರಿಯಾಟಿನಿನ್ ಸ್ವಲ್ಪ ಏರಿದ್ದರೂ ಗಾಬರಿ ಬೇಡ, ಡಾಕ್ಟರ್ ನೋಡಿ ಹೇಳುತ್ತಾರೆ.

ಉಪ್ಪಿನ ಲೆಕ್ಕ

ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ ಮಟ್ಟಸವಾಗಿ. ಇದನ್ನು ದಿನಾ ಅಳೆಯುವವರು ಯಾರು? ಸುಲಭದ ದಾರಿ ಇದೆ. ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ನಾಲ್ಕು ಜನರ ಮನೆಗೆ ಒಂದು ಕೆ.ಜಿ. ಕಡಿಮೆಯೆಂದರೂ 50 ದಿನ ಬರಬೇಕು. ಚಿಕ್ಕಪ್ಪನ ಮನೆಯಲ್ಲಿ 24ನೇ ದಿನಕ್ಕೇ ಡಬ್ಬಿಯ ತಳ ಕಂಡಿತು! ಉಪ್ಪಿನಕಾಯಿ, ಹಪ್ಪಳದ ಉಪ್ಪು ಇದರ ಲೆಕ್ಕಕ್ಕೇ ಬಂದಿರಲಿಲ್ಲ.

ನಮ್ಮ ಕಡೆ ಸಾರಿನ ಹೆಸರಲ್ಲೇ ಉಪ್ಪಿದೆ. ಉಪ್ಪುಸಾರು ಬಿಡಿ ಎಂದು ನಾನು ಹೇಳುವುದಿಲ್ಲ. ಮುದ್ದೆಗೆ ಉಪ್ಪು ಹಾಕಬೇಡಿ, ಸಾರಿಗೆ ಅರ್ಧ ಹಾಕಿ, ಹುಣಸೆ, ಬೆಳ್ಳುಳ್ಳಿ, ಮೆಣಸು ಜಾಸ್ತಿ ಮಾಡಿ. ಎರಡು ಮೂರು ವಾರದಲ್ಲಿ ನಾಲಗೆ ಒಗ್ಗಿಕೊಳ್ಳುತ್ತದೆ. ‘ಲೋ ಸೋಡಿಯಂ’ ಉಪ್ಪು ಮಾತ್ರ ಡಾಕ್ಟರನ್ನು ಕೇಳದೆ ತರಬೇಡಿ. ಅದರಲ್ಲಿ ಪೊಟ್ಯಾಶಿಯಂ ಇರುತ್ತದೆ, ಸೋತ ಕಿಡ್ನಿ ಅದನ್ನು ಸರಿಯಾಗಿ ಹೊರಹಾಕುವುದಿಲ್ಲ.

ನೋವಿನ ಮಾತ್ರೆ

ನನಗೆ ಹೆಚ್ಚು ಭಯ ಇದರದ್ದೇ. ದಿನವಿಡೀ ಬಿಸಿಲಲ್ಲಿ ಕಬ್ಬು ಕಡಿದು, ನೀರು ಸರಿಯಾಗಿ ಕುಡಿಯದೆ, ಸಂಜೆ ಸೊಂಟ ನೋವಿಗೆ ಅಂಗಡಿಯಿಂದ ಎರಡು ಮಾತ್ರೆ ತಂದು ನುಂಗುತ್ತಾರೆ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಇವೆಲ್ಲ ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಮೈಯಲ್ಲಿ ನೀರು ಇಂಗಿದ್ದು, ಮೇಲಿನ ಬಿಪಿ ಮಾತ್ರೆಯೂ ಸೇರಿದರೆ ಪೆಟ್ಟು ಜೋರು. ನೋವಿಗೆ ಡಾಕ್ಟರ್ ಹೇಳಿದಷ್ಟೇ ಪ್ಯಾರಾಸಿಟಮಾಲ್, ಬಿಸಿನೀರಿನ ಶಾಖ ಸಾಕು. ಭಸ್ಮ, ಹೆಸರಿಲ್ಲದ ಪುಡಿಗಳಲ್ಲಿ ಸೀಸ, ಪಾದರಸ ಇರಬಹುದು. ಬೇಡವೇ ಬೇಡ.

ಉಳಿದಿದ್ದು

ಶುಗರ್ ಇದ್ದರೆ ಹಿಡಿತದಲ್ಲಿರಲಿ. ಮಂಡ್ಯದ ಬೆಲ್ಲವಾದರೂ ಅದು ಸಕ್ಕರೆಯೇ, ಅಲ್ವಾ? ಡಪಾಗ್ಲಿಫ್ಲೋಜಿನ್ ಎಂಬ ಶುಗರ್ ಮಾತ್ರೆ ನಿಮಗೆ ಹೊಂದುತ್ತದಾ ಎಂದು ಡಾಕ್ಟರನ್ನು ಕೇಳಿ. ಶುಗರ್ ಇಲ್ಲದ ಎಷ್ಟೋ ಕಿಡ್ನಿ ರೋಗಿಗಳಿಗೂ ಅದು ಸವೆತ ನಿಧಾನ ಮಾಡುತ್ತದೆ. ಬೀಡಿ, ಸಿಗರೇಟು ಬಿಡಿ. ಬನ್ನೂರು ಕುರಿ ಮಾಂಸ ಅಪರೂಪಕ್ಕೆ, ಸ್ವಲ್ಪವೇ ಇರಲಿ. ಪ್ರೋಟೀನ್ ಪುಡಿ ಬೇಡ. ಎಳನೀರನ್ನು ಎಲ್ಲರೂ ಬಿಡಬೇಕಿಲ್ಲ, ಆದರೆ ರಕ್ತದಲ್ಲಿ ಪೊಟ್ಯಾಶಿಯಂ ಎಷ್ಟಿದೆ ಎಂದು ನೋಡಿಕೊಂಡು ಕುಡಿಯಿರಿ.

ವಾಂತಿ, ಭೇದಿ ಆದ ದಿನ ಯಾವ ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು ಎಂದು ಈಗಲೇ ಡಾಕ್ಟರ ಹತ್ತಿರ ಚೀಟಿಯಲ್ಲಿ ಬರೆಸಿಕೊಳ್ಳಿ. ಚಿಕ್ಕಪ್ಪ ಆ ಚೀಟಿಯನ್ನು ಮಾತ್ರೆ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿಟ್ಟಿದ್ದಾರೆ.